ರುದ್ರಮುನಿಯ ಬಿದಿರಿನ ಮೂಲೆ

ಎಲ್ಲಕ್ಕೂ ಕಾರಣ ಬೆಕ್ಕು. ಓರೆಯಾಗಿ ಬಿದ್ದಿದ್ದ ಹಳೆಯ ರೊಟ್ಟಿ ಬುಟ್ಟಿಯೊಳಗೆ ಅದು ಮೈ ಮುದುಡಿ ಮಲಗಿದ್ದನ್ನು ರುದ್ರಮುನಿ ಬಹಳ ಹೊತ್ತು ನೋಡಿದ. ಸರಸ್ವತಿ ನಗರದ ಆ ಮನೆಯಲ್ಲಿ ಸೋಫಾ ತಾಯಿ ಅಕ್ಕನಾಗಮ್ಮನದು. ಊಟದ ಮೇಜು ಟೀಚರ್ ಆಗಿದ್ದ ಹೆಂಡತಿ ಆಶಾರಾಣಿಯ ಉತ್ತರಪತ್ರಿಕೆಗಳದು. ಮಂಚ ಒಗೆದು ಮಡಿಚದ ಬಟ್ಟೆಗಳದು. ಸುಮ್ಮನೆ ಕಣ್ಣು ಮುಚ್ಚಿ ಕೂರಲು ಅವನಿಗೊಂದು ಮೂಲೆ ಇರಲಿಲ್ಲ. ಬೆಕ್ಕಿಗೆ ಇತ್ತು.

ದಿನಬಳಕೆಯ ವಸ್ತುಗಳಿಂದಲೇ ಮನೆಯ ಅಂದ ಹೆಚ್ಚಿಸುವ ವಿಡಿಯೊಗಳನ್ನು ಅವನು ಕದ್ದು ಕದ್ದು ನೋಡುತ್ತಿದ್ದ. ಈ ಬುಟ್ಟಿಯನ್ನೇ ಮನುಷ್ಯನ ಅಳತೆಗೆ ಹಿಗ್ಗಿಸಿದರೆ? ಆಫೀಸಿಗೆ ರಜೆ ಹಾಕಿ ಬೆಳಿಗ್ಗೆಯೇ ಹರಿಹರದ ಬಸ್ಸು ಹತ್ತಿ, ಬಿದಿರು ಕೆಲಸದ ಹನುಮಂತಪ್ಪನ ಮುಂದೆ ನಿಂತ.

"ಒಬ್ಬರು ಚಕ್ಕಂಬಕ್ಕಲ ಹಾಕಿ ಕೂರೋ ಹಂಗಿರಬೇಕು. ಬೆನ್ನಿಗೆ ಆಸರೆ, ತಲೆ ಮೇಲೆ ಕಮಾನು. ಮುಂದೆ ಮಾತ್ರ ತೆರೆದಿರ್ಲಿ."

ಹನುಮಂತಪ್ಪ ಕೈಯ ಕತ್ತಿ ಕೆಳಗಿಟ್ಟ. "ಎತ್ಲಿಕ್ಕೆ ಗಳ ಬೇಕಲ್ರಿ?"

"ಬೇಕು. ಒಳಗಿಂದ ಹೊರಗೆ ಒಯ್ಯೋ ಹಂಗಿರ್ಲಿ."

"ಕೂರೋರು ಮನಿ ಹಿರೇರೇನ್ರಿ?"

"ಇಲ್ಲಪಾ, ನಾನೇ."

ದುಃಖದಲ್ಲಿ ಮನುಷ್ಯ ಏನೇನೋ ಆಡುತ್ತಾನೆ ಎಂದುಕೊಂಡ ಹನುಮಂತಪ್ಪ. "ಯಾವಾಗ ಬೇಕ್ರಿ?"

"ಈಗ್ಲೇ. ಹೆಂಡ್ತಿ ಬರೋದ್ರೊಳಗೆ ಎಲ್ಲಾ ಮುಗೀಬೇಕು."

"ಧೈರ್ಯ ತಗೋಳ್ರಿ" ಎಂದ ಹನುಮಂತಪ್ಪ. ಹೆಂಡತಿಯ ವಿಷಯಕ್ಕೇ ಇರಬೇಕೆಂದುಕೊಂಡು ರುದ್ರಮುನಿ ಕೃತಜ್ಞತೆಯಿಂದ ತಲೆಯಾಡಿಸಿದ.

ಮಧ್ಯಾಹ್ನ ಲಗೇಜ್ ಆಟೊ ಮನೆಯ ಮುಂದೆ ನಿಂತಾಗ ಎದುರು ಮನೆಯ ಕಾಟಮ್ಮ ಹಪ್ಪಳ ಒಣಹಾಕುತ್ತಿದ್ದಳು. ಅವಳ ಕೈಯ ಹಪ್ಪಳ ಕೈಯಲ್ಲೇ ಉಳಿಯಿತು. ಬಿದಿರಿನ ಕಮಾನು, ಕೂರುವ ಪೀಠ, ಹೊರುವ ಗಳ. ಸತ್ತವರನ್ನು ಕೂರಿಸಿ ಮಣ್ಣಿಗೆ ಒಯ್ಯುವ ವಿಮಾನವನ್ನು ಗುರುತಿಸದವರು ಆ ಬೀದಿಯಲ್ಲಿ ಯಾರೂ ಇರಲಿಲ್ಲ, ರುದ್ರಮುನಿಯೊಬ್ಬನ ಹೊರತು. ಅವನಿಗೂ ಎಲ್ಲೋ ನೋಡಿದಂತೆ ಅನಿಸಿತ್ತು. ವಿಡಿಯೊದಲ್ಲೇ ಇರಬೇಕೆಂದು ಸಮಾಧಾನಪಟ್ಟುಕೊಂಡಿದ್ದ.

"ರುದ್ರಣ್ಣಾ, ಅಮ್ಮಾರು ಎಲ್ಲಿ? ಮುಂಜಾನಿಂದ ಕಟ್ಟಿ ಮೇಲೆ ಕಾಣ್ಲೇ ಇಲ್ಲ."

ಅಕ್ಕನಾಗಮ್ಮ ಮಂಡಿನೋವಿಗೆ ಮಾತ್ರೆ ನುಂಗಿ ಕೋಣೆಯಲ್ಲಿ ಗಾಢ ನಿದ್ದೆಯಲ್ಲಿದ್ದಳು. ಎದ್ದರೆ ಈ ಪೀಠವೂ ಅವಳದೇ ಆಗುತ್ತದೆಂಬ ಭಯ ಮಗನಿಗೆ. ತುಟಿಯ ಮೇಲೆ ಬೆರಳಿಟ್ಟ.

"ಮಲಗ್ಯಾರೆ. ಸದ್ದು ಮಾಡಬ್ಯಾಡ್ರಿ."

"ಅಯ್ಯೋ! ಭಾಳ ನೋವು ತಿಂದ್ರೇನು?"

"ರಾತ್ರಿ ತಿಂದ್ರು. ಈಗ ಯಾವ ನೋವೂ ಇಲ್ಲ."

"ಆಶಾಗೆ ಹೇಳೀಯೇನಪ್ಪಾ?"

"ಬ್ಯಾಡ, ಬ್ಯಾಡ! ಅವಳು ಬಂದ್ರೆ ಕೆಲಸ ಕೆಡ್ತೈತೆ."

ಕಾಟಮ್ಮ ಹಪ್ಪಳವನ್ನು ಕಾಗೆಗಳ ಪಾಲಿಗೆ ಬಿಟ್ಟು ಪಕ್ಕದ ಮನೆಯ ಹರೀಶನ ಬಾಗಿಲು ಬಡಿದಳು. "ಕಣ್ಣಾಗೆ ಒಂದು ಹನಿ ನೀರಿಲ್ಲ ಮಾರಾಯಾ. ಲಾಟರಿ ಹೊಡೆದೋರ ಹಂಗೆ ನಗ್ತಾನೆ!"

"ಸೊಸೀಗೂ ಹೇಳಿಲ್ಲ ಅಂದ್ರೆ..." ಹರೀಶ ದನಿ ತಗ್ಗಿಸಿದ. "ಮನಿ ಯಾರ ಹೆಸರಲ್ಲೈತೆ?"

"ಅಮ್ಮಾರ ಹೆಸರಲ್ಲೇ!"

ಇಬ್ಬರೂ ಒಮ್ಮೆಲೇ ರುದ್ರಮುನಿಯ ಬಾಗಿಲ ಕಡೆ ತಿರುಗಿದರು. ಆಮೇಲೆ ಹರೀಶ ಆಶಾರಾಣಿಯ ಶಾಲೆಗೆ ಫೋನ್ ಮಾಡಿ, "ಮನೀಲಿ ಹಿಂಗಾಗೈತೆ, ಮೇಡಂನ ಕಳಿಸ್ರಿ" ಎಂದ. ಯಾರಿಗೆ ಏನಾಯಿತೆಂದು ಅವನೂ ಹೇಳಲಿಲ್ಲ, ಅವರೂ ಕೇಳಲಿಲ್ಲ.

ಅಷ್ಟರಲ್ಲಿ ಕಿಟಕಿಯ ಹೊರಗೆ ಹತ್ತಾರು ತಲೆಗಳು ಸೇರಿದ್ದವು. ರುದ್ರಮುನಿ ಸೋಫಾ ಸರಿಸಿದ. ಪೀಠವನ್ನು ಗೋಡೆಗೆ ಒರಗಿಸಿದ. ಮೇಲೆ ಬಿಳಿ ಚಾದರ ಹಾಸಿದ. ಸೊಳ್ಳೆ ಇವೆಯೆಂದು ಊದುಬತ್ತಿ ಹಚ್ಚಿದ.

"ಎಲ್ಲಾ ಒಬ್ಬನೇ ಮುಗಿಸ್ತಾ ಅದಾನೆ ನೋಡ್ರಿ!" ಎಂದಳು ಕಾಟಮ್ಮ. ಇನ್ನು ತಡೆಯಲಾಗದೆ ಎಲ್ಲರೂ ಅಣೆಕಟ್ಟೆ ಒಡೆದಂತೆ ಒಳನುಗ್ಗಿದರು. ಹರೀಶ ತಂದಿದ್ದ ಹಾರವನ್ನು ಕಮಾನಿಗೆ ತೂಗುಹಾಕಿದ. ಕಾಟಮ್ಮ ಕೋಣೆಯ ಬಾಗಿಲಲ್ಲಿ ಕುಸಿದು ಎದೆ ಬಡಿದುಕೊಂಡಳು.

"ಎಂಥಾ ಗುಣ! ಎಂಥಾ ಮೃದು ಮಾತು! ಒಂದು ದಿನ ಯಾರ ಮನಸ್ಸೂ ನೋಯಿಸಿದೋರಲ್ಲ!"

"ಯಾರೇ ಅಷ್ಟು ಒಳ್ಳೇರು?" ಎಂದು ಕೋಣೆಯೊಳಗಿನಿಂದ ದನಿ ಬಂತು.

ಅಕ್ಕನಾಗಮ್ಮ ಗೋಡೆ ಹಿಡಿದು ಹೊರಬಂದಳು. ಜನರನ್ನು ನೋಡಿದಳು, ಹಾರ ನೋಡಿದಳು, ವಿಮಾನ ನೋಡಿದಳು, ಕೊನೆಗೆ ಮಗನನ್ನು ನೋಡಿದಳು.

"ನಂಗೆ ಅಂತ ತಂದೀಯೇನೋ?"

"ಇಲ್ಲಮ್ಮಾ, ನಂಗೆ ಅಂತ."

"ಥೂ! ಬಿಡ್ತು ಅನ್ನು!"

ಆಗ ರುದ್ರಮುನಿಗೆ ಅದನ್ನು ಎಲ್ಲಿ ನೋಡಿದ್ದೆನೆಂದು ನೆನಪಾಯಿತು. ಅಕ್ಕನಾಗಮ್ಮ ಕಾಟಮ್ಮನ ಕಡೆ ತಿರುಗಿದಳು. "ನಾನು ಸತ್ತೀನಿ ಅಂತ ಮೊದ್ಲು ಅಂದೋರು ಯಾರು? ನಡೀರಿ ಎಲ್ಲಾ ಹಿತ್ಲಿಗೆ! ಒಬ್ಬೊಬ್ಬರೇ ಬಾಯಿ ಬಿಡ್ರಿ!" ಇನ್‌ಸ್ಪೆಕ್ಟರ್ ಹಿಂದೆ ಹೋಗುವ ಕಳ್ಳರಂತೆ ಅಷ್ಟೂ ಜನ ತಲೆ ತಗ್ಗಿಸಿ ಹಿಂಬಾಲಿಸಿದರು.

ಹಾಲ್ ಖಾಲಿಯಾಯಿತು. ಸಂಜೆಯೊಳಗೆ ಈ ಪೀಠ ಮನೆಯಿಂದಾಚೆ ಹೋಗುವುದು ಖಚಿತವಿತ್ತು. ಅದಕ್ಕೆ ಮೊದಲು ಒಂದೇ ಒಂದು ಸಲ ಕೂರೋಣವೆಂದು ರುದ್ರಮುನಿ ಮೆಲ್ಲನೆ ಒಳಸರಿದು ಚಕ್ಕಂಬಕ್ಕಲ ಹಾಕಿದ. ಕಮಾನು ಅಲುಗಿ ಹಾರ ಜಾರಿ ಕೊರಳಿಗೆ ಬಿತ್ತು. ತೆಗೆಯಲು ಸೋಮಾರಿತನ. ಬೆನ್ನಿಗೆ ಬಿದಿರು ಹಿತವಾಗಿ ಒತ್ತಿತು. ಕಣ್ಣು ಮುಚ್ಚಿದ.

ಹೊರಗೆ ಆಟೊ ನಿಂತ ಸದ್ದು. ಆಶಾರಾಣಿಯ ಶಾಲೆಯ ಹೆಡ್‌ಮಾಸ್ಟರ್ ಬಕ್ಕೇಶ್ ನಾಲ್ಕು ಜನ ಟೀಚರುಗಳೊಂದಿಗೆ ಬಾಗಿಲಲ್ಲಿ ಬಂದು ನಿಂತರು.

"ಅಯ್ಯೋ ದೇವರೇ! ಮೇಡಂ ಯಜಮಾನ್ರೇ ಹೋಗ್ಯಾರೆ!"

"ಮುಖದ ಕಳೆ ನೋಡ್ರಿ ಸರ್. ನಿದ್ದಿ ಮಾಡಿದಂಗೇ ಐತೆ."

"ಮೇಡಂ ಹಿಂದೆ ಸ್ಕೂಟರಲ್ಲಿ ಬರ್ತಾ ಅದಾರೆ. ಅವರು ಬಂದ್ರೆ ಗದ್ದಲ ಆಗ್ತೈತೆ. ಅಷ್ಟರೊಳಗೆ ಒಂದು ನಿಮಿಷ ಮೌನ ಆಚರಿಸಿಬಿಡೋಣ" ಎಂದರು ಬಕ್ಕೇಶ್.

ಚಪ್ಪಲಿ ಬಿಟ್ಟು ಎಲ್ಲರೂ ಸಾಲಾಗಿ ನಿಂತರು. ಫ್ಯಾನು ತಿರುಗುವುದೊಂದು ಬಿಟ್ಟರೆ ಸದ್ದೇ ಇಲ್ಲ. ಮದುವೆಯಾದಂದಿನಿಂದ ಆ ಮನೆಯಲ್ಲಿ ರುದ್ರಮುನಿಗೆ ಇಂಥ ಮೌನ ಸಿಕ್ಕಿರಲಿಲ್ಲ, ಅದೂ ಅವನದೇ ಹೆಸರಿನಲ್ಲಿ. ಕಣ್ಣು ತೆರೆದು ನಿಜ ಹೇಳಬೇಕೆಂದುಕೊಂಡ. ನಿಮಿಷ ಮುಗಿಯಲಿ ಎಂದು ತಡೆದ.

ಅರ್ಧ ನಿಮಿಷವೂ ಆಗಿರಲಿಲ್ಲ. ಗೇಟಿನ ಹೊರಗೆ, ಸ್ಟ್ಯಾಂಡ್ ಹಾಕದೆ ಕೈಬಿಟ್ಟ ಸ್ಕೂಟರೊಂದು ದಡಾರನೆ ನೆಲಕ್ಕೆ ಬಿತ್ತು.