ಕಸ ತೆಗೆಯುವ ಸಾಲು

ವಯಸ್ಸಾದ ಮೇಲೆ ಕೈ ನಡುಗಿದರೆ ಚಿಂತೆಯಿಲ್ಲ, ಸುಮ್ಮನಿರದಿದ್ದರೆ ಕಷ್ಟ. ನಾನು ಮೆಟ್ರಿಕ್ ಮುಗಿಸಿ, ನಾರಾಯಣಪುರದ ಕಾಲುವೆಯಲ್ಲಿ ಗೇಟು ಎತ್ತಿ ಇಳಿಸುತ್ತ ಮೂವತ್ತು ವರ್ಷ ಕಳೆದವನು. ಎಲ್ಲಿ ಏನು ನಿಂತಿದ್ದರೂ ಹೋಗಿ ತಿರುವಬೇಕೆನ್ನುವ ಚಟ ನಿವೃತ್ತಿಯಾದರೂ ಬಿಟ್ಟಿಲ್ಲ. ಅದರಿಂದ ಒಬ್ಬ ಒಳ್ಳೆಯ ಮಾಸ್ತರರ ಮರ್ಯಾದೆ ಹೋಗುವುದರಲ್ಲಿತ್ತು.

ಶಹಾಪುರದ ಶಾಲೆಯಲ್ಲಿ ವಿಜ್ಞಾನ ಕಲಿಸುವ ನನ್ನ ಮಗಳು ಶರಣಮ್ಮ, ಅವಳ ಜೊತೆಗೆ ಕೆಲಸ ಮಾಡುವ ಸುರಪುರದ ಭೀಮರಾಯ ಮಾಸ್ತರು, ಇಬ್ಬರೂ ಸೇರಿ ಕಾರು ಓಡಿಸುವ ಒಂದು ಹಳೆಯ ಕಂಪ್ಯೂಟರ್ ಆಟವನ್ನು ಬಿಚ್ಚಿ ಬದಲಾಯಿಸುತ್ತಿದ್ದರು. ಕಾರಿನ ಜಾಗದಲ್ಲಿ ಟ್ರ್ಯಾಕ್ಟರು, ರಸ್ತೆಯ ಪಕ್ಕದಲ್ಲಿ ನಮ್ಮ ಕಾಲುವೆ. ಇದಕ್ಕೆ ಮಾಡ್ ಎನ್ನುತ್ತಾರಂತೆ. ಹಳೆಯ ಆಟಕ್ಕೆ ಅದರ ಕಾಲದ ಸಲಕರಣೆಗಳೇ, ಅಂದರೆ ಆಗಿನ ಫೈಲುಗಳೇ, ಬೇಕು. ಹೊಸವನ್ನು ಕೊಟ್ಟರೆ ಬೇರೆ ಇಲಾಖೆಯ ಕಾಗದ ಬಂದ ಗುಮಾಸ್ತನಂತೆ ಮುಟ್ಟುವುದೇ ಇಲ್ಲ. ಯಾವುದರ ನಂತರ ಯಾವುದನ್ನು ಕೂರಿಸಬೇಕೆಂದು ಮಾಸ್ತರು ಒಂದು ಸ್ಕ್ರಿಪ್ಟ್ ಬರೆದಿದ್ದರು, ಅಂದರೆ ಕಂಪ್ಯೂಟರಿಗೆ ಕೊಡುವ ಕೆಲಸದ ಪಟ್ಟಿ. ಪ್ರತಿ ಸಾಲಿನ ಮುಂದೆ ಅದರ ಅರ್ಥವನ್ನು ಕನ್ನಡದಲ್ಲಿ ಬರೆದಿದ್ದರು. ಪಾಪ, ಅವರಿಂದಾದ ತಪ್ಪು ಅದೊಂದೇ.

ಮರುದಿನ ಯಾದಗಿರಿಯಲ್ಲಿ ಮಕ್ಕಳ ವಸ್ತುಪ್ರದರ್ಶನ. ಮಧ್ಯಾಹ್ನ ಶರಣಮ್ಮ ಆ ಪಟ್ಟಿಯನ್ನು ತೆರೆದಿಟ್ಟು, ಊಟ ಮಾಡಿ ಬಂದು ಓಡಿಸುತ್ತೇನೆ, ಮುಟ್ಟಬೇಡ ಎಂದು ಹೇಳಿ ಒಳಗೆ ಹೋದಳು. ನಾನು ಮೊದಲು ಓದಿದೆನಷ್ಟೆ. ಕಟ್ಟಕಡೆಯ ಸಾಲು ‘ಫೋಲ್ಡರಿನ ಕಸ ತೆಗೆ’ ಎಂದಿತ್ತು. ನನಗೆ ನಗು ಬಂತು. ಹೂಳು, ಜಾಲಿಕಂಟಿ ತೆಗೆಯದೆ ಯಾರಾದರೂ ಕಾಲುವೆಗೆ ನೀರು ಬಿಡುತ್ತಾರೆಯೇ? ನೌಕರಿಯ ಕೊನೆಯ ವರ್ಷಗಳಲ್ಲಿ ನೀರಿನ ಮಟ್ಟ ಟೈಪು ಮಾಡಿ ಕಳಿಸುತ್ತಿದ್ದವನಿಗೆ ಒಂದು ಸಾಲು ಕತ್ತರಿಸಿ ಅಂಟಿಸುವುದು ದೊಡ್ಡದಲ್ಲ. ಅದನ್ನು ಎಲ್ಲಕ್ಕಿಂತ ಮೇಲೆ ಸೇರಿಸಿ, ಉಪಕಾರ ಮಾಡಿದ ತೃಪ್ತಿಯಲ್ಲಿ ಎಲೆಅಡಿಕೆ ಹಾಕಿಕೊಂಡೆ.

ಶರಣಮ್ಮ ಬಂದು ಗುಂಡಿ ಒತ್ತಿದಳು. ಎಲ್ಲವನ್ನೂ ಕೂರಿಸಿಯಾದ ಮೇಲೆ ಬೇಡವಾದದ್ದನ್ನು ಅಳಿಸಬೇಕಿದ್ದ ಸಾಲು ಅದು. ಮೊದಲೇ ಓಡಿ, ಕೂರಿಸಬೇಕಿದ್ದ ಸಾಮಾನನ್ನೇ ಅಳಿಸಿಬಿಟ್ಟಿತು. ಅಷ್ಟು ಹಳೆಯವು ಈಗ ಇಂಟರ್ನೆಟ್ಟಿನಲ್ಲಿ ಹುಡುಕಿದರೂ ಸಿಗವಂತೆ. ಅವಳು ಕೂಡಲೇ ಮಾಸ್ತರರಿಗೆ ಫೋನು ಹಚ್ಚಿ, ಸ್ಪೀಕರ್ ಹಾಕಿದಳು.

“ಎಲ್ಲಾ ಅಳಿಸಿ ಹೋಗ್ಯಾವ್ರಿ ಸರ್. ಪಟ್ಟಿ ತಪ್ಪು ಬರದೀರಿ. ನಾಳಿ ಹುಡುಗರ ಮುಂದ ಯಾವ ಮಾರಿ ಇಟ್ಕೊಂಡು ನಿಲ್ಲಲಿ?”

ಆ ಕಡೆಯಿಂದ ಮಾಸ್ತರು ಮೆಲ್ಲಗೆ, “ನಂದೇ ತಪ್ಪಿರಬೇಕ್ರಿ ಮೇಡಂ. ಇದರಾಗಿಂದ ನನ್ನ ಹೆಸರು ತಗದುಬಿಡ್ರಿ,” ಎಂದರು.

ಬಾಯಲ್ಲಿದ್ದ ಎಲೆಅಡಿಕೆಯನ್ನು ನುಂಗಲಾಗಲಿಲ್ಲ, ಉಗುಳಲಾಗಲಿಲ್ಲ. ಹಿಂದೊಮ್ಮೆ ಕಕ್ಕೇರಾ ಕಡೆಯ ಗೇಟು ಮುಚ್ಚಲು ಮರೆತು ಹೊಲ ಮುಳುಗಿದಾಗ, ಏಡಿ ಒಡ್ಡು ಕೊರೆದಿತ್ತೆಂದು ಬರೆದುಕೊಟ್ಟವನು ನಾನು. ಆ ಏಡಿ ಎದ್ದು ಬಂದು ಸಾಕ್ಷಿ ಹೇಳಲಿಲ್ಲ. ಆದರೆ ಈ ಏಡಿ ಫೋನಿನಲ್ಲಿ ತಾನಾಗಿಯೇ ತಪ್ಪು ಒಪ್ಪಿಕೊಳ್ಳುತ್ತಿತ್ತು. ಎದ್ದು ಫೋನಿನ ಹತ್ತಿರ ಹೋದೆ.

“ಮಾಸ್ತರ್ರ, ನಿಮ್ದೇನು ತಪ್ಪಿಲ್ಲ. ಆ ಕಸದ ಸಾಲು ನಾನೇ ಮ್ಯಾಲ ತಂದೀನಿ,” ಎಂದೆ.

ಶರಣಮ್ಮ ನನ್ನನ್ನೇ ನೋಡಿದಳು. “ಯಪ್ಪಾ, ನೀ ಇನ್ನಾ ರಿಟೈರ್ ಆಗಿಲ್ಲ ನೋಡು.”

“ಹಂಗಾದ್ರ ಪಟ್ಟಿ ಸರಿ ಐತೇನ್ರಿ ಕಾಕಾ?” ಎಂದು ಮಾಸ್ತರು ಉಸಿರು ಬಿಟ್ಟರು. ಅವರ ತಮ್ಮನ ಹತ್ತಿರ ಆ ಸಾಮಾನಿನ ಒಂದೇ ಒಂದು ಸಿಡಿ ಉಳಿದಿತ್ತಂತೆ. ತಾವು ಬರೆದ ಪಟ್ಟಿಯೇ ತಪ್ಪೆಂದು ತಿಳಿದು, ಅದರ ಮಾತೆತ್ತುವ ಧೈರ್ಯವಾಗಿರಲಿಲ್ಲ. ಅದನ್ನು ತೆಗೆದುಕೊಂಡು ಸಿಕ್ಕ ಬಸ್ಸು ಹತ್ತಿ ಬಂದರು. ಸಂಜೆಯೊಳಗೆ ಟ್ರ್ಯಾಕ್ಟರು ಕಾಲುವೆಯ ದಂಡೆಗುಂಟ ಓಡಿತು.

ಈಗ ಮಾಸ್ತರು ಪಟ್ಟಿಗೆ ಹೊಸ ಸಾಲೊಂದನ್ನು ಸೇರಿಸಿದ್ದಾರೆ. ಓಡಿಸುವ ಮೊದಲು ಅದು ಕೇಳುತ್ತದೆ: ‘ಕಾಕಾ ಮನ್ಯಾಗ ಅದಾರೇನು?’ ಹೌದೆಂದರೆ ಅಲ್ಲಿಗೇ ನಿಲ್ಲುತ್ತದೆ. ಮೊನ್ನೆ ನಾನು ಪಕ್ಕದಲ್ಲಿ ಕುಳಿತಿರುವಾಗಲೇ ಶರಣಮ್ಮ ‘ಇಲ್ಲ’ ಎಂದು ಒತ್ತಲು ಹೋದಳು. ನನ್ನ ಸಲುವಾಗಿ ಇನ್ನೊಂದು ಸುಳ್ಳು ಬೇಡವೆಂದು ಚಪ್ಪಲಿ ಮೆಟ್ಟಿ, ರಣಬಿಸಿಲಿನಲ್ಲಿ ಓಣಿಗೆ ಹೋಗಿ ನಿಂತೆ. ಹಾದು ಹೋಗುವವರೊಬ್ಬರು ಇಲ್ಲ್ಯಾಕ ನಿಂತೀರಿ ಎಂದು ಕೇಳಿದರು.

“ಕಂಪ್ಯೂಟರ್ ನಡಸಾಕತ್ತೀನ್ರಿ,” ಎಂದೆ.