ಮೂರು ಗೇರು ಹಿಂದಕ್ಕೆ, ಒಂದು ಮುಂದಕ್ಕೆ

ನಾನು ಸಿಟ್ಟಿನ ಮನುಷ್ಯನೆಂದು ನಮ್ಮ ಬಂಧುಗಳು ಹೇಳಿಕೊಂಡು ತಿರುಗುತ್ತಾರೆ. ಇದು ಸುಳ್ಳು. ಸಿಟ್ಟು ಬರುತ್ತದೆ, ಹೋಗುತ್ತದೆ. ನನಗೆ ಬಂದದ್ದು ಹೋಗುವುದಿಲ್ಲ, ಅಷ್ಟೇ ವ್ಯತ್ಯಾಸ. ಯಾರ ಮನೆಯ ಪಂಕ್ತಿಯಲ್ಲಿ ತುಪ್ಪದ ಗಿಂಡಿ ನನ್ನನ್ನು ದಾಟಿ ಮುಂದೆ ಹೋಯಿತು, ಯಾರು ನನ್ನ ನಮಸ್ಕಾರಕ್ಕೆ ಒಂದೇ ಕೈ ಎತ್ತಿದರು ಎಂಬುದೆಲ್ಲ ನನ್ನ ತಲೆಯಲ್ಲಿ ಧೂಳು ಹಿಡಿಯದಂತೆ ಕ್ರಮವಾಗಿ ಕುಳಿತಿರುತ್ತದೆ. ಇದನ್ನು ನಾನು ಸದ್ಗುಣವೆಂದೇ ಭಾವಿಸಿದ್ದೇನೆ. ಎಲ್ಲರೂ ಎಲ್ಲವನ್ನೂ ಮರೆತುಬಿಟ್ಟರೆ ಮರ್ಯಾದೆಯನ್ನು ಕಾಯುವವರು ಯಾರು?

ನಿಜಾಮರ ಸೀಮೆ ಭಾರತದಲ್ಲಿ ವಿಲೀನವಾದ ಮೇಲಿನ ವರ್ಷಗಳ ಮಾತು. ಶಹಾಪುರದ ಕಚೇರಿಯಲ್ಲಿ ಗುಮಾಸ್ತನಾಗಿದ್ದ ನಾನು, ಮಗಳು ನೀಲಮ್ಮನನ್ನು ಸುರಪುರದ ಬಸವಂತರಾಯರ ಮಗನಿಗೆ ಕೊಟ್ಟಿದ್ದೆ. ಮದುವೆ ಮುಗಿದು ಹೆಣ್ಣನ್ನು ಗಂಡನ ಮನೆಗೆ ಕಳಿಸುವ ದಿನ ಬೀಗರು ತಮ್ಮ ಜೀಪಿನಲ್ಲಿ ಕಂಡಕಂಡವರನ್ನೆಲ್ಲ ಹತ್ತಿಸಿಕೊಂಡು, ಹೆಣ್ಣಿನ ತಂದೆಯಾದ ನನಗೆ ಹಾಸಿಗೆ, ಹಂಡೆ ಹೇರಿದ್ದ ಎತ್ತಿನ ಬಂಡಿಯನ್ನು ತೋರಿಸಿದರು. “ಬೀಗರ, ನೀವು ಬಂಡ್ಯಾಗ ಬರ್ರಿ. ಗಾದಿ ಅವ, ಆರಾಮ ಒರಗಿಕೊಂಡು ಬರಬಹುದು” ಎಂದರು. ನಾನು ಒರಗಲಿಲ್ಲ. ಸುರಪುರದವರೆಗೂ ಬೆನ್ನು ನೆಟ್ಟಗೆ ಮಾಡಿ ಕೂತೇ ಹೋದೆ. ಅದನ್ನು ಯಾರೂ ಗಮನಿಸಲಿಲ್ಲವೆಂಬುದು ಬೇರೆ ಅವಮಾನ. ಇನ್ನೊಮ್ಮೆ ಆ ಮನೆಯ ಅಂಗಳ ತುಳಿಯುವುದಾದರೆ ಸ್ವಂತ ಮೋಟಾರಿನಲ್ಲೇ ಎಂದು ಆ ಗಾದಿಗಳ ಮೇಲೆಯೇ ನಿಶ್ಚಯಿಸಿದೆ.

ಯಾದಗಿರಿಯ ಗುಜರಿಯಲ್ಲಿ ಫೌಜಿನವರು ಮಾರಿಹೋದ ಮೋಟರ್ ಸೈಕಲ್ಲೊಂದು ಸಿಕ್ಕಿತು. ಅದರಲ್ಲಿ ಎಂಜಿನ್ನೊಂದನ್ನು ಬಿಟ್ಟರೆ ಮತ್ತೆಲ್ಲವೂ ಮುರಿದಿತ್ತು. ಹತ್ತಿಕುಣಿಯ ಕಡೆ ಹಳೆಯ ಜಾಗೀರದಾರರೊಬ್ಬರ ಕಾರು ಕೋಳಿಗಳು ಮೊಟ್ಟೆಯಿಡುವ ಜಾಗವಾಗಿ ನಿಂತಿತ್ತು. ಅದರಲ್ಲಿ ಎಂಜಿನ್ನನ್ನು ಬಿಟ್ಟರೆ ಮತ್ತೆಲ್ಲವೂ ನೆಟ್ಟಗಿತ್ತು. ಇವೆರಡನ್ನು ಕೂಡಿಸಿದರೆ ಒಂದು ಸಂಸಾರವಾಗುತ್ತದೆಂದು ನನಗೆ ತೋರಿತು. ಮೋಟರ್ ಸೈಕಲ್ಲಿನ ಗೇರ್ ಪೆಟ್ಟಿಗೆಯನ್ನೇ ರಿಪೇರಿ ಮಾಡಿಸಬಹುದಿತ್ತಲ್ಲ, ಕಾರಿನ ಪೆಟ್ಟಿಗೆಯೇ ಏಕೆ ಎಂದು ಕೇಳಬಹುದು. ಮೋಟರ್ ಸೈಕಲ್ಲಿಗೆ ಹಿಂದಕ್ಕೆ ಹೋಗುವ ಗೇರು ಇರುವುದಿಲ್ಲ. ಬೀಗರ ಓಣಿಯೋ, ಗಾಡಿ ತಿರುಗಿಸಲಾಗದಷ್ಟು ಇಕ್ಕಟ್ಟು. ಠೀವಿಯಿಂದ ಒಳಗೆ ಹೋಗಿ, ಹೊರಡುವಾಗ ಬೀಗರ ಕಣ್ಣೆದುರಿಗೆ ನನ್ನ ಮೋಟಾರನ್ನು ನಾನೇ ತಳ್ಳಿಕೊಂಡು ಬರುವ ಚಿತ್ರ ನನಗೆ ಸಹ್ಯವಾಗಲಿಲ್ಲ.

ಆ ಪೆಟ್ಟಿಗೆಯನ್ನು ಅಂಗಳದ ಹೊರಸಿನ ಮೇಲೆ ಬಿಚ್ಚಿಟ್ಟ ದಿನ ನಾನು ಅವಮಾನವನ್ನೇ ಮರೆತಿದ್ದೆನೆಂದರೆ ನಂಬುವುದು ಕಷ್ಟ. ಒಂದು ಹಲ್ಲುಗಾಲಿ ಬಲಕ್ಕೆ ತಿರುಗಿದರೆ ಅದಕ್ಕೆ ತಾಗಿದ್ದು ಎಡಕ್ಕೆ ತಿರುಗುತ್ತದೆ. ನಡುವೆ ಇನ್ನೊಂದು ಪುಟ್ಟ ಗಾಲಿ ಬಂದು ಸೇರಿದರೆ ಇಡೀ ಗಾಡಿಯ ಮನಸ್ಸೇ ಬದಲಾಗಿ ಹಿಂದಕ್ಕೆ ಹೊರಡುತ್ತದೆ. ನೆಟ್ಟಗೆ ಹೋಗುತ್ತಿದ್ದ ಎರಡು ಮನೆಗಳ ನಡುವೆ ಮೂರನೆಯವರೊಬ್ಬರು ಬಾಯಿ ಹಾಕಿದಾಗ ಆಗುವುದು ಇದೇ ಅಲ್ಲವೆ! ಬೆರಳಿನಿಂದ ಗಾಲಿಗಳನ್ನು ತಿರುಗಿಸುತ್ತ, ಎಣ್ಣೆಗೈಯಲ್ಲೇ ಊಟಕ್ಕೆ ಕೂತು, ಮಡದಿ ಈರಮ್ಮನಿಂದ ಬೈಸಿಕೊಂಡೆ.

ಜೋಡಿಸುವ ಕೆಲಸಕ್ಕೆ ತಾಳಿಕೋಟಿಯಿಂದ ರಾಚಪ್ಪ ಮಿಸ್ತ್ರಿ ಬಂದ. ಎಂಜಿನ್ನಿನಿಂದ ಪೆಟ್ಟಿಗೆಗೆ ಚೈನು ಹಾಕುವುದು, ಎರಡೂ ಅಲುಗದಂತೆ ಬಂಡಿಗಾಲಿಯ ಹಳಿಯನ್ನು ಕಾಸಿ ಬಡಿದು ಮಾಡಿದ ಕಬ್ಬಿಣದ ಪಟ್ಟಿಯ ಮೇಲೆ ಕೂರಿಸುವುದು ಎಂದು ಇಬ್ಬರೂ ಒಪ್ಪಿದೆವು. ನಾನು ಗೋಡೆಯ ಮೇಲೆ ಸೀಮೆಸುಣ್ಣದಿಂದ ನಕ್ಷೆ ಬರೆದುಕೊಟ್ಟು ಕಚೇರಿಗೆ ಹೋದೆ. ಆಗ ಹಳೆಯ ಗುಮಾಸ್ತರಿಗೆಲ್ಲ ಕಡತಗಳನ್ನು ಕನ್ನಡದಲ್ಲಿ ಬರೆಯಲು ಕಲಿಸುತ್ತಿದ್ದರು. ನಾನು ಅಲ್ಲಿ ಎಡದಿಂದ ಬಲಕ್ಕೆ ಕೈ ಪಳಗಿಸುತ್ತಿದ್ದಾಗ ಇಲ್ಲಿ ಅನಾಹುತ ನಡೆದುಹೋಯಿತು. ಉರ್ದು ಶಾಲೆಯಲ್ಲಿ ಬೆಳೆದ ನನ್ನ ಕೈ ಎಲ್ಲವನ್ನೂ ಬಲದಿಂದ ಆರಂಭಿಸುವಂಥದು. ಆದ್ದರಿಂದ ನಕ್ಷೆಯಲ್ಲಿ ಮೋಟಾರಿನ ಮೂತಿ ಬಲಕ್ಕಿತ್ತು. ಮಿಸ್ತ್ರಿ ಮುಂಬಯಿ ಸೀಮೆಯ ಕನ್ನಡ ಶಾಲೆಯವನು. ಎಡತುದಿಯೇ ಮೂತಿಯೆಂದು ತಿಳಿದ. ಪೆಟ್ಟಿಗೆಯ ಬಾಲ ಹಿಂದಿನ ಅಚ್ಚಿಗೇ ಸೇರಬೇಕಾದ್ದರಿಂದ ಅದೇನೋ ಸರಿಯಾಗಿ ಕೂತಿತು. ಎಂಜಿನ್ನಿಗೆ ಬಾಲವಿಲ್ಲ, ಅದನ್ನು ನಕ್ಷೆಯಂತೆ ಹಿಂದುಮುಂದಾಗಿ ಬಿಗಿದುಬಿಟ್ಟ. ಹಾಗಾಗಿ ಅದು ಪೆಟ್ಟಿಗೆಯ ಗಾಲಿಗಳನ್ನೆಲ್ಲ ಉಲ್ಟಾ ತಿರುಗಿಸತೊಡಗಿತು.

ಓಡಿಸಿ ನೋಡಿದ್ದು ಬೀಗರ ಮನೆಯಲ್ಲಿ ಬಸುರಿ ನೀಲಮ್ಮನಿಗೆ ಮಾಡಲಿದ್ದ ಕುಬಸದ ಹಿಂದಿನ ದಿನ. ಮೊದಲನೆಯ ಗೇರು ಹಾಕಿದೆ. ಮೋಟಾರು ಹಿಂದಕ್ಕೆ ಸರಿದು ಸೌದೆಯ ರಾಶಿಗೆ ತಾಗಿತು. ಎರಡನೆಯದಕ್ಕೂ ಹಿಂದಕ್ಕೆ, ಮೂರನೆಯದಕ್ಕೆ ಇನ್ನಷ್ಟು ಹುರುಪಿನಿಂದ ಹಿಂದಕ್ಕೆ. ಹಿಂದಕ್ಕೆ ಹೋಗುವ ಗೇರು ಹಾಕಿದಾಗ ಮಾತ್ರ ಬಾಣಂತಿಯಂತೆ ಮೆಲ್ಲಗೆ ಮುಂದಕ್ಕೆ ಬಂತು. ಮಿಸ್ತ್ರಿ ಗೋಡೆಯನ್ನು ನೋಡಿದ, ನನ್ನನ್ನು ನೋಡಿದ. “ಎಡಕ್ಕ ಮೂತಿ ಇರಲಾರದ ಗಾಡಿ ನಾ ಎಲ್ಲ್ಯೂ ನೋಡಿಲ್ರಿ ಸಾಹೇಬ್ರ” ಎಂದ. ಬಿಚ್ಚಿ ಜೋಡಿಸಲು ವೇಳೆಯಿರಲಿಲ್ಲ. ಬಸ್ಸಿನಲ್ಲಿ ಹೋಗೋಣವೆಂದು ಈರಮ್ಮ ಸೂಚಿಸಿದಳು. ನಾನು ಮೋಟಾರಿಗೆ ಪೆಟ್ರೋಲು ತುಂಬಿಸಿದೆ.

ಬೆಳಿಗ್ಗೆ ಹೊರಟೆವು. ಮುಂದಕ್ಕೆ ಹೋಗುವ ಆ ಒಂದೇ ಗೇರಿನಲ್ಲಿ ಎಂಜಿನ್ನು ಲೋಕವೇ ಕೇಳುವಂತೆ ಕೂಗುತ್ತಿತ್ತು. ಕುರಿಹಿಂಡು ನಮ್ಮನ್ನು ದಾಟಿಕೊಂಡು ಹೋಗುತ್ತಿತ್ತು. ಹಿಂಡಿನ ಹಿಂದಿದ್ದ ಮುದುಕ, ಬೇಕಾದರೆ ಹಿಂದಿನಿಂದ ನೂಕಲೇ ಎಂದು ದಯೆಯಿಂದ ಕೇಳಿದ. ಸುರಪುರದ ಗುಡ್ಡಗಳು ಕಾಣುವ ಹೊತ್ತಿಗೆ ಆರತಿಯ ವೇಳೆ ಮೀರುತ್ತ ಬಂದಿತ್ತು. ನಾನು ಮೋಟಾರಿನ ಮೂತಿಯನ್ನು ಶಹಾಪುರದ ಕಡೆಗೆ ತಿರುಗಿಸಿ, ಕುತ್ತಿಗೆಯನ್ನು ಬಲಕ್ಕೆ ಹೊರಳಿಸಿ, ಮೂರನೆಯ ಗೇರಿನಲ್ಲಿ ಬಿಟ್ಟೆ. ಊರೊಳಗೆ ಅಷ್ಟು ವೇಗವಾಗಿ ಬೆನ್ನು ಮುಂದೆ ಮಾಡಿ ಹೋದವರು ನನಗಿಂತ ಮೊದಲು ಯಾರೂ ಇರಲಾರರು.

ಬೀಗರ ಹೊಸ್ತಿಲಿಗೆ ಬಂದು ನಿಂತಾಗ ಹೊರಗೆ ಒಬ್ಬರೂ ಇಲ್ಲ. ಒಳಗೆ ಹೆಂಗಸರ ಹಾಡು ನಡೆದಿತ್ತು. ಎಂಜಿನ್ನಿನ ಸದ್ದಿಗೆ ಬಸವಂತರಾಯರು ಓಡಿ ಬಂದರು. ಅವರಿಗೆ ಕಂಡದ್ದು, ರಸ್ತೆಗೆ ಮುಖ ಮಾಡಿ ಗುಡುಗುತ್ತಿದ್ದ ಮೋಟಾರು ಮತ್ತು ಅವರ ಕಡೆ ನೋಡದೆ ಮುಖ ತಿರುಗಿಸಿಕೊಂಡು ಕೂತಿದ್ದ ನಾನು. ಅಷ್ಟು ದೂರ ಹೊರಳಿಸಿಕೊಂಡು ಬಂದ ಕುತ್ತಿಗೆ ಬಲಕ್ಕೇ ಹಿಡಿದುಬಿಟ್ಟಿತ್ತು. ಅವರು ಎಡಗಡೆ ನಿಂತಿದ್ದರು. ಬಾಗಿಲಲ್ಲಿ ಕರೆಯುವವರಿಲ್ಲವೆಂದು ಮುನಿದು ಉಣ್ಣದೆ ಹೊರಟಿದ್ದೇನೆಂದು ತಿಳಿದು ಅವರು ಮೋಟಾರಿನ ಅಂಚನ್ನು ಎರಡೂ ಕೈಯಿಂದ ಹಿಡಿದುಕೊಂಡರು.

“ಇಳೀರಿ ಬೀಗರ. ಆ ಬಂಡಿ ಮಾತು ಮನಸಿನ್ಯಾಗ ಇಟ್ಟೀರಿ, ನನಗ ಗೊತ್ತದ. ತಪ್ಪಾತ್ರಿ.”

ಯಾವ ಮಾತಿಗಾಗಿ ಇಷ್ಟೆಲ್ಲ ಕಬ್ಬಿಣ ಬಡಿಸಿದ್ದೆನೋ ಅದು ಕಿವಿಗೆ ಬಿದ್ದಿತ್ತು. ದೊಡ್ಡ ಮನಸ್ಸಿನಿಂದ ಅವರತ್ತ ತಿರುಗಬೇಕೆಂದುಕೊಂಡೆ, ಕುತ್ತಿಗೆ ಒಪ್ಪಲಿಲ್ಲ. ನಾನಿನ್ನೂ ಕರಗಿಲ್ಲವೆಂದು ಭಾವಿಸಿ ಬೀಗರು ಮುಂದುವರಿಸಿದರು. ನಿಶ್ಚಯದ ದಿನ ನನ್ನೆಲೆಗೆ ಒಡೆದ ಹೋಳಿಗೆ ಬಡಿಸಿದ್ದೂ ತಪ್ಪಂತೆ. ಪೂಜೆಗೆ ಕರೆಯಲು ತಾವು ಬಾರದೆ ಆಳನ್ನು ಕಳಿಸಿದ್ದೂ ತಪ್ಪಂತೆ. “ಮತ್ತ ಮದುವ್ಯಾಗ ನಿಮಗ ಆಯೇರು ಮಾಡಿದ ಆ ರುಮಾಲು ನಿಮಗ ತಂದದ್ದಲ್ರಿ. ನಿಮ್ಮದು ಚಲೋ ಇತ್ತು, ನಮ್ಮ ತಮ್ಮ ಹಟ ಮಾಡಿ ಇಟ್ಟುಕೊಂಡ. ಅವನದು ನಿಮಗ ಸುತ್ತಿದಿವಿ.”

ಆ ರುಮಾಲನ್ನೇ ನಾನು ಅಂದು ಸುತ್ತಿಕೊಂಡು ಬಂದಿದ್ದೆ. ಅದರ ಬಣ್ಣವನ್ನು ಕಚೇರಿಯಲ್ಲಿ ಎಲ್ಲರೆದುರು ಹೊಗಳಿದ್ದೆ. ಯಾವುದನ್ನೂ ಮರೆಯದ ನಾನು, ಇವುಗಳಲ್ಲಿ ಒಂದನ್ನೂ ಗಮನಿಸಿಯೇ ಇರಲಿಲ್ಲ.

ಮೋಟಾರಿನಿಂದ ಇಳಿಯುವಾಗ, ನಿನಗೆ ಈ ರುಮಾಲಿನ ಸಂಗತಿ ತಿಳಿದಿತ್ತೇ ಎಂದು ಈರಮ್ಮನನ್ನು ಮೆಲ್ಲಗೆ ಕೇಳಿದೆ. ಅವಳು ಸೆರಗು ಸರಿಪಡಿಸಿಕೊಳ್ಳುತ್ತ ಹೇಳಿದಳು:

“ಅವತ್ತೇ ಗೊತ್ತಿತ್ರಿ. ಹೇಳಿದ್ರ ಇನ್ನೊಂದು ಮೋಟಾರ ಕಟ್ಟಸ್ತಿದ್ರಿ.”