ಗೋವಿಂದಪ್ಪ ಮೇಷ್ಟ್ರ ಭಾನುವಾರದ ಸಭೆ

ಒಬ್ಬ ಮನುಷ್ಯನನ್ನು ಚೆನ್ನಾಗಿ ತಿಳಿದುಕೊಂಡ ಮೇಲೆ ಅವನ ಬಗ್ಗೆ ಅಭಿಪ್ರಾಯ ಹೇಳುವುದು ಬಹಳ ಕಷ್ಟ. ತಿಳಿಯದಿರುವಾಗ ಅದು ಎಷ್ಟು ಸುಲಭ ಎಂಬುದಕ್ಕೆ ನಾನೇ ಸಾಕ್ಷಿ. ಎಂಬತ್ತರ ದಶಕದಲ್ಲಿ ನಾನು ಪೀಣ್ಯದ ಒಂದು ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿ ಸೂಪರ್‌ವೈಸರ್ ಆಗಿದ್ದೆ. ಕೂದಲೆಳೆಯಷ್ಟು ವ್ಯತ್ಯಾಸ ಕಂಡರೂ ಆ ಬಿಡಿಭಾಗವನ್ನು ತಿರಸ್ಕರಿಸುವುದು ನನ್ನ ಕೆಲಸ. ಸಂಜೆ ಗೇಟು ದಾಟಿದ ಮೇಲೂ ಅಭ್ಯಾಸ ಬಿಡುತ್ತಿರಲಿಲ್ಲ. ಕೈಗೆ ಬಿಡಿಭಾಗ ಸಿಗದಿದ್ದರೆ ಮನುಷ್ಯರನ್ನು ತಿರಸ್ಕರಿಸುತ್ತಿದ್ದೆ. ಅದರಲ್ಲೂ ಮೇಷ್ಟ್ರುಗಳನ್ನು. ಮೇಷ್ಟ್ರುಗಳೆಲ್ಲ ಒಳಗೊಳಗೇ ಕೆಂಪು ಬಾವುಟದವರು, ಬೇರೆ ಯಾವ ಕೆಲಸವೂ ಸಿಗದೆ ಸೀಮೆಸುಣ್ಣ ಹಿಡಿದವರು ಎಂಬ ಜ್ಞಾನ ನನಗೆ ಕ್ಯಾಂಟೀನಿನಲ್ಲಿ ಚಹಾದ ಜೊತೆ ಬಂದದ್ದು. ನಾನೂ ಹಿಂದೊಮ್ಮೆ ಮೇಷ್ಟ್ರ ಕೆಲಸಕ್ಕೆ ಅರ್ಜಿ ಹಾಕಿ ಸಂದರ್ಶನದಲ್ಲಿ ಬಿದ್ದುಹೋಗಿದ್ದೆ. ಕ್ಯಾಂಟೀನಿನಲ್ಲಿ ಯಾರೂ ಅದನ್ನು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಆಗ ನಾವು ರಾಜಗೋಪಾಲನಗರದಲ್ಲಿ ಮುನಿಯಪ್ಪನವರ ವಠಾರದಲ್ಲಿದ್ದೆವು. ಮುನಿಯಪ್ಪ ರಾಗಿ ಬೆಳೆಯುತ್ತಿದ್ದ ಹೊಲದಲ್ಲೇ ಸಾಲಾಗಿ ಆರು ಮನೆ ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದರು. ನಮ್ಮ ಪಕ್ಕದ ಮನೆಗೆ ಗೋವಿಂದಪ್ಪ ಮೇಷ್ಟ್ರು ಬಂದರು. ನನ್ನ ಮಗಳು ವೀಣಾಳ ಏಳನೇ ತರಗತಿಗೆ ಲೆಕ್ಕ ಹೇಳಿಕೊಡುತ್ತಿದ್ದವರು ಅವರೇ. ಕುರುಚಲು ಗಡ್ಡ, ಖಾದಿ ಜುಬ್ಬ, ಹೆಗಲಿಗೊಂದು ಬಟ್ಟೆಯ ಚೀಲ. ನನಗೆ ಇಷ್ಟೇ ಸಾಕಾಗಿತ್ತು. ಆದರೆ ಸಾಕ್ಷ್ಯ ಇನ್ನೂ ಬರುತ್ತಲೇ ಇತ್ತು. ಪ್ರತಿ ಭಾನುವಾರ ಮಧ್ಯಾಹ್ನ ಏಳೆಂಟು ಯುವಕರು ಅವರ ಮನೆಗೆ ಬರುತ್ತಿದ್ದರು. ಕೆಲವರು ಕಾರ್ಖಾನೆಯ ಖಾಕಿಯಲ್ಲೇ ಇರುತ್ತಿದ್ದರು. ನಾನು ಕಿಟಕಿಗೆ ಬಂದು ಮುಖ ನೋಡುವಷ್ಟರಲ್ಲಿ ಬಾಗಿಲು ಮುಚ್ಚುತ್ತಿತ್ತು. ಒಂದು ದಿನ ನಾನು ನಡುಗೋಡೆಗೆ ಕಿವಿಯಿಟ್ಟೆ. ಮೇಷ್ಟ್ರ ದನಿ ಕೇಳಿಸಿತು: "ಎಲ್ಲರಿಗೂ ಸಮಪಾಲು." ಉಳಿದವರು ಒಟ್ಟಿಗೇ "ಹೌದು ಸಾರ್" ಎಂದರು.

"ಅನುಮಾನ ಇದ್ರೆ ಹೋಗಿ ಕೇಳ್ಬಾರ್ದಾ?" ಎಂದಳು ನನ್ನ ಹೆಂಡತಿ. ಹೆಂಗಸರಿಗೆ ಇಂಥ ವಿಷಯಗಳ ಗಾಂಭೀರ್ಯ ಗೊತ್ತಾಗುವುದಿಲ್ಲ ಎಂಬ ಇನ್ನೊಂದು ಅಭಿಪ್ರಾಯವೂ ಆಗ ನನ್ನಲ್ಲಿತ್ತು. ನಾನು ನೇರವಾಗಿ ಮುನಿಯಪ್ಪನವರ ಬಳಿ ಹೋಗಿ, "ನಿಮ್ಮ ಮನೇಲಿ ಪಾರ್ಟಿ ಮೀಟಿಂಗ್ ನಡೀತಿದೆ" ಎಂದೆ. ಅವರು ಬೀಡಿ ಆರಿಸಿದರು. "ಪೊಲೀಸ್ರು ಬಂದ್ರೆ ನನ್ನೇ ಅಲ್ವಾ ಸಾರ್ ಇಡ್ಕೊಂಡೋಗದು? ಈ ತಿಂಗ್ಳು ಮುಗೀಲಿ, ಮನೆ ಖಾಲಿ ಮಾಡ್ಸಿಬಿಡ್ತೀನಿ" ಎಂದರು. ನಾಗರಿಕನ ಕರ್ತವ್ಯ ಮಾಡಿದೆನೆಂದು ನನಗೆ ಆ ದಿನ ಊಟ ರುಚಿಯಾಯಿತು.

ಅಷ್ಟರಲ್ಲಿ ಚುನಾವಣೆ ಬಂತು. ಮೇಷ್ಟ್ರು ಮೂರು ದಿನ ಶಾಲೆಗೆ ಬರಲಿಲ್ಲ. ನಾನು ಮುಖ್ಯೋಪಾಧ್ಯಾಯಿನಿಯ ಕೊಠಡಿಗೆ ಹೋಗಿ, "ಪಾಠ ಬಿಟ್ಟು ರಾಜಕೀಯ ಮಾಡ್ಕೊಂಡು ಓಡಾಡಿದ್ರೆ ಮಕ್ಕಳ ಗತಿ ಏನು ಮೇಡಂ?" ಎಂದು ಕೇಳಿದೆ. ಅವರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. "ರಾಜಕೀಯ ಅಲ್ಲ ಸಾರ್, ಮತಗಟ್ಟೆ ಕೆಲಸದ ತರಬೇತಿ. ಸರ್ಕಾರವೇ ಕರೆಸಿಕೊಂಡಿದೆ. ನಿಮಗೆ ಅಷ್ಟೊಂದು ಕಾಳಜಿ ಇದ್ರೆ ನಾಳೆ ಒಂದು ಪೀರಿಯಡ್ ನೀವೇ ತಗೊಳ್ಳಿ." ಏಳನೇ ತರಗತಿಯ ಲೆಕ್ಕ ತಾನೇ ಎಂದು ನಾನು ಅರ್ಧ ದಿನ ರಜೆ ಹಾಕಿ, ಇಸ್ತ್ರಿ ಮಾಡಿದ ಷರಟು ತೊಟ್ಟು ಹೋದೆ.

ಅರವತ್ತು ಮಕ್ಕಳಿದ್ದರು. ಭಿನ್ನರಾಶಿಯ ಭಾಗಾಕಾರ ಮಾಡಬೇಕಿತ್ತು. ಅರ್ಧವನ್ನು ಕಾಲಿನಿಂದ ಭಾಗಿಸಿ, ಎರಡನೆಯದನ್ನು ತಲೆಕೆಳಗು ಮಾಡಿ ಗುಣಿಸಿ, ಉತ್ತರ ಎರಡು ಎಂದು ಬೋರ್ಡಿನ ಮೇಲೆ ಬರೆದೆ. ಎರಡನೇ ಸಾಲಿನಲ್ಲಿದ್ದ ಮುನಿಯಪ್ಪನವರ ಮೊಮ್ಮಗಳು ಲಕ್ಷ್ಮಿ ಎದ್ದು ನಿಂತಳು. "ಭಾಗ ಮಾಡುದ್ರೆ ಕಮ್ಮಿ ಆಗ್ಬೇಕಲ್ವಾ ಸಾರ್? ಇಂಗ್ಯಾಕೆ ಜಾಸ್ತಿ ಆಯ್ತು?" ನಾನು, "ಅದು ನಿಯಮ" ಎಂದೆ. "ನಮ್ಮಪ್ಪ, ಚಿಕ್ಕಪ್ಪ ಒಲ ಭಾಗ ಮಾಡ್ಕೊಂಡ್ರು ಸಾರ್. ಇಬ್ರಿಗೂ ಕಮ್ಮೀನೇ ಆಯ್ತು." ತರಗತಿ ನಕ್ಕಿತು. ನಾನು ಮತ್ತೆ ಲೆಕ್ಕ ಮಾಡಿ ತೋರಿಸಿದೆ. ಮತ್ತೆ ಎರಡೇ ಬಂತು. ಯಾಕೆ ಬಂತೆಂದು ನನಗೂ ಗೊತ್ತಿಲ್ಲವೆಂಬುದು, ಇಪ್ಪತ್ತು ವರ್ಷ ಅಳತೆಯ ಕೆಲಸ ಮಾಡಿದ ಮೇಲೆ, ಆ ಕ್ಷಣದಲ್ಲಿ ನನಗೆ ಗೊತ್ತಾಯಿತು. "ಕೂತ್ಕೋ, ಅಧಿಕಪ್ರಸಂಗ ಬೇಡ" ಎಂದೆ. ಕೊನೆಯ ಬೆಂಚಿನಲ್ಲಿ ನನ್ನ ಮಗಳು ಪುಸ್ತಕದಿಂದ ಮುಖ ಮುಚ್ಚಿಕೊಂಡಿದ್ದಳು. ಮನೆಗೆ ಬಂದವಳು ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ.

ಚುನಾವಣೆ ಮುಗಿದ ಮೊದಲ ಭಾನುವಾರ ಮುನಿಯಪ್ಪ ನಮ್ಮ ಬಾಗಿಲಿಗೆ ಬಂದರು. "ಬನ್ನಿ ಸಾರ್, ಮೀಟಿಂಗು ಸುರುವಾಗೈತೆ. ನೀವೂ ಇದ್ರೆ ಮನೆ ಖಾಲಿ ಮಾಡಿ ಅಂತ ಏಳಕ್ಕೆ ಧೈರ್ಯ." ನಾನು ಚಪ್ಪಲಿ ಮೆಟ್ಟಿಕೊಂಡು ಅವರ ಹಿಂದೆ ಹೋದೆ. ಅವರು ಬಾಗಿಲು ತಳ್ಳಿದರು. ಒಳಗೆ ಚಾಪೆಯ ಮೇಲೆ ಎಂಟು ಜನ ಸ್ಲೇಟು ಹಿಡಿದು ಕೂತಿದ್ದರು. ಮೊದಲನೆಯವನು ನನ್ನ ವಿಭಾಗದ ಹೆಲ್ಪರ್ ರಾಜಣ್ಣ. ನನ್ನನ್ನು ಕಂಡು ಧಡಕ್ಕನೆ ಎದ್ದ. "ಡ್ರಾಯಿಂಗ್ ಓದೋಕೆ ಬರಲ್ಲ ಅಂತ ನೀವು ದಿನಾ ಬೈತಿದ್ರಲ್ಲ ಸಾರ್. ಅದ್ಕೇ ಮೇಷ್ಟ್ರ ಹತ್ರ ಭಿನ್ನರಾಶಿ ಕಲಿಯೋಣ ಅಂತ ಬಂದ್ವಿ."

ಮೇಷ್ಟ್ರು ನಮ್ಮಿಬ್ಬರಿಗೂ ಚಾಪೆ ಸರಿಸಿ ಜಾಗ ಕೊಟ್ಟರು. ಅವರ ಮುಂದೆ ಅರ್ಧ ಅಚ್ಚು ಬೆಲ್ಲವಿತ್ತು. "ಒಬ್ಬೊಬ್ಬರಿಗೆ ಕಾಲು ಅಚ್ಚು ಕೊಟ್ರೆ ಎಷ್ಟು ಜನಕ್ಕೆ ಆಗುತ್ತೆ?" ಎಂದು ಕೇಳಿದರು. "ಇಬ್ರಿಗೆ" ಎಂದ ರಾಜಣ್ಣ. "ಅಷ್ಟೇ. ಅರ್ಧವನ್ನ ಕಾಲಿನಿಂದ ಭಾಗಿಸಿದ್ರೆ ಎರಡು. ಬೆಲ್ಲ ಜಾಸ್ತಿ ಆಗಲಿಲ್ಲ, ತಿನ್ನೋರ ಲೆಕ್ಕ ಸಿಕ್ತು." ನನ್ನ ಕಿವಿ ಬಿಸಿಯಾಯಿತು. ಮುನಿಯಪ್ಪ ಅನುಮಾನ ಬಿಡದೆ, "ಮೇಷ್ಟ್ರೇ, ನೀವು ಓಟು ಯಾವ ಪಾರ್ಟಿಗೆ ಆಕ್ತೀರಿ?" ಎಂದು ಕೇಳಿಯೇಬಿಟ್ಟರು. ಮೇಷ್ಟ್ರು ನಕ್ಕರು. "ನಾನು ಇದುವರೆಗೆ ಓಟೇ ಹಾಕಿಲ್ಲ. ಪ್ರತಿ ಸಲ ಇನ್ಯಾವುದೋ ಊರಿನ ಮತಗಟ್ಟೆಗೆ ಕಳಿಸ್ತಾರೆ. ಬೇರೆಯವರ ಬೆರಳಿಗೆ ಶಾಯಿ ಹಚ್ಚಿ ಬರ್ತೀನಿ." ಮುನಿಯಪ್ಪ ಒಂದು ತುಂಡು ಬೆಲ್ಲ ಬಾಯಿಗೆ ಹಾಕಿಕೊಂಡು ನನ್ನ ಕಡೆ ತಿರುಗಿದರು. "ನೀವು ಏಳಿದ್ದು ಯಾವ ಮೇಷ್ಟ್ರ ವಿಷ್ಯ ಸಾರ್?" ನಾನು ಸೂರಿನ ಕಡೆ ನೋಡಿದೆ. ಮನೆ ಖಾಲಿ ಮಾಡಿಸುವ ಮಾತು ಅಲ್ಲಿಗೇ ನಿಂತಿತು.

ಮುಂದಿನ ಭಾನುವಾರದಿಂದ ನಾನೂ ಹೋಗತೊಡಗಿದೆ. ಡ್ರಾಯಿಂಗ್ ಓದಲು ನೆರವಾಗುತ್ತೇನೆಂಬುದು ನೆಪ; ಬಾಕಿ ಲೆಕ್ಕ ಕಲಿಯುವುದು ಉದ್ದೇಶ. ತಿಂಗಳು ಕಳೆಯುವುದರೊಳಗೆ ಮ್ಯಾನೇಜರ್ ನನ್ನನ್ನು ಕರೆಸಿದರು. "ಯಾರೋ ಗಡ್ಡದ ಮೇಷ್ಟ್ರ ಮನೆಗೆ ವರ್ಕರ್ಸ್ ಜೊತೆ ಹೋಗ್ತಿದೀರಂತೆ. ಕ್ಯಾಂಟೀನಿನಲ್ಲಿ ಎಲ್ಲರೂ ಮಾತಾಡ್ತಿದಾರೆ. ಏನು ಹೇಳಿಕೊಡ್ತಾರೆ ಅಲ್ಲಿ?" ನಾನು ಬೆಲ್ಲದ ಲೆಕ್ಕವನ್ನು ವಿವರವಾಗಿ ಹೇಳಿದೆ. ಅವರು ಕುರ್ಚಿಗೆ ಒರಗಿ, "ಅಂದ್ರೆ ಹಂಚ್ಕೊಂಡು ತಿನ್ನಬೇಕು ಅಂತ. ನೋಡಿದ್ರಾ, ಶುರು ಮಾಡೋದೇ ಹೀಗೆ ಕಣ್ರೀ. ಈ ಮೇಷ್ಟ್ರುಗಳು ಬಹಳ ಚಾಲಾಕಿಗಳು" ಎಂದರು. ಮೇಷ್ಟ್ರ ಪರವಾಗಿ ಮಾತಾಡಲು ಇದಕ್ಕಿಂತ ಒಳ್ಳೆಯ ಅವಕಾಶ ನನಗೆ ಜನ್ಮದಲ್ಲಿ ಸಿಗುತ್ತಿರಲಿಲ್ಲ. ಬಡ್ತಿಯ ಪಟ್ಟಿ ಆ ವಾರವೇ ಹೊರಬೀಳುವುದಿತ್ತು. "ನನಗೂ ಸ್ವಲ್ಪ ಅನುಮಾನ ಇತ್ತು ಸಾರ್" ಎಂದೆ.

ಭಾನುವಾರ ಹೋಗುವುದನ್ನು ಮಾತ್ರ ಬಿಡಲಿಲ್ಲ. ಹಿತ್ತಲ ಕಡೆಯಿಂದ, ಬಟ್ಟೆ ಒಗೆಯುವ ಕಲ್ಲು ದಾಟಿ, ಅಡುಗೆಮನೆಯ ಬಾಗಿಲಲ್ಲಿ ಒಳಗೆ ಹೋದೆ. "ಇದ್ಯಾಕೆ ಸಾರ್ ಹಿಂದಿನಿಂದ ಬಂದ್ರಿ?" ಎಂದು ಮೇಷ್ಟ್ರು ಕೇಳಿದರು. ಮುಂಬಾಗಿಲಲ್ಲಿ ಚಪ್ಪಲಿ ಬಿಡಲು ಜಾಗವಿರಲಿಲ್ಲ ಎಂದೆ. ಅವರು ನಂಬಿದರು. ಮೇಷ್ಟ್ರುಗಳು ಯಾರು ಏನು ಹೇಳಿದರೂ ನಂಬುತ್ತಾರೆ ಎಂಬುದು ಅವರ ಬಗ್ಗೆ ನನಗೀಗ ಉಳಿದಿರುವ ಒಂದೇ ಅಭಿಪ್ರಾಯ.